ಮೇಜಿನ ಹಿಂದಿನ ಒಂದೂವರೆ ಅಡಿ

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ ತಕ್ಕಡಿ ಸಾಹೇಬರು ತಾರಸಿಯ ಮೇಲೆ ಮಂಡಿಯೂರಿ, ಕಂಬದಿಂದ ಇಳಿಸಿದ ಆಂಟೆನಾ ತಂತಿಯನ್ನು ಸ್ಟೀಲ್ ಟೇಪಿನಿಂದ ಅಳೆಯುತ್ತಿದ್ದರು. ಎಡಭಾಗ ಹತ್ತು ಮೀಟರ್ ಎಂಟು ಸೆಂಟಿಮೀಟರ್. ಬಲಭಾಗವೂ ಅಷ್ಟೇ. ಮೂರು ವಾರದಲ್ಲಿ ಇದು ನಾಲ್ಕನೇ ಅಳತೆ. ನಾಲ್ಕು ಸಲವೂ ಅದೇ ಅಂಕಿ ಬಂದಿತ್ತು.

ಕೆಳಗಿನ ಅಂಗಳದಿಂದ ಹೆಂಡತಿ ಕೇಳಿದರು. "ರೀ, ಏನಾದ್ರೂ ಉದ್ದ ಆಯ್ತಾ?"

"ಇಲ್ಲ."

"ಗಿಡ್ಡ?"

ಸಾಹೇಬರು ಟೇಪಿನ ತುದಿ ಬಿಟ್ಟರು. ಟೇಪು ತಾನಾಗಿ ಸುತ್ತಿಕೊಳ್ಳುವಾಗ ತುದಿ ಹೆಬ್ಬೆರಳಿಗೆ ಬಡಿಯಿತು. ಅವರು ಬೈಯಲಿಲ್ಲ. ಬೈಯುವುದಕ್ಕೂ ಒಂದು ಹುಮ್ಮಸ್ಸು ಬೇಕು. ಅದು ಕಳೆದ ಭಾನುವಾರವೇ ಮುಗಿದಿತ್ತು.

ತಕ್ಕಡಿ ಸಾಹೇಬರು ಎಂಬುದು ಪೇಟೆಯ ಅಂಗಡಿಯವರು ಇಟ್ಟ ಹೆಸರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳನ್ನು ಮಲಗಿಸಿದ ಪೆಟ್ಟಿಗೆ ಹಿಡಿದು ಅವರು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಈ ತುದಿಯವರೆಗಿನ ತಕ್ಕಡಿಗಳೆಲ್ಲ ತಾವಾಗಿಯೇ ಸರಿಯಾಗುತ್ತಿದ್ದವು ಎಂದು ಜನ ಹೇಳುತ್ತಿದ್ದರು. ಅಂಗಡಿಯ ಒಂದು ಬಟ್ಟಿಗೆ ಮುದ್ರೆ ಹಾಕಿದರೆ ಅದರ ಅವಧಿ ಎರಡು ವರ್ಷ. ಎರಡು ವರ್ಷದ ಮೇಲೆ ಒಂದು ದಿನವಾದರೂ ಅದು ಅವರ ಪಾಲಿಗೆ ಬಟ್ಟಲ್ಲ, ಬರೀ ಕಬ್ಬಿಣದ ತುಂಡು. ಹೆಂಡತಿಯ ಸೋದರಮಾವನದು ಮೊಳೆ, ಚಿಲಕ ಮಾರುವ ಅಂಗಡಿ. ಮದುವೆಯಾದ ಮರುವರ್ಷ ಅಲ್ಲಿಗೂ ಹೋಗಿ, ಮುದ್ರೆಯ ಅವಧಿ ಹನ್ನೊಂದು ದಿನ ಮೀರಿದೆ ಎಂದು ತಕ್ಕಡಿಗೆ ಸೀಲು ಹಾಕಿ ಬಂದಿದ್ದರು. ಮಾವ ನಾಲ್ಕು ವರ್ಷ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಹೆಂಡತಿ ಆ ಹನ್ನೊಂದು ದಿನವನ್ನು ಇವತ್ತಿಗೂ ಮರೆತಿಲ್ಲ.

ಪೇಟೆಯಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯವೆಂದರೆ ಸಾಹೇಬರು ಹ್ಯಾಮ್ ರೇಡಿಯೊದವರು, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು. ಆ ಹುಚ್ಚು ಹಚ್ಚಿದವಳು ಅಕ್ಕ. ಅವಳು ತಂತಿ ಕಚೇರಿಯಲ್ಲಿ ಕೆಲಸ ಮಾಡಿದವಳು. ತಮ್ಮನಿಗೆ ಹನ್ನೊಂದು ವರ್ಷವಿದ್ದಾಗ ಊಟದ ತಟ್ಟೆಯ ಅಂಚಿಗೆ ಚಮಚ ಬಡಿದು ತಂತಿಯ ಮೋರ್ಸ್ ಸಂಕೇತ ಕಲಿಸಿದ್ದಳು. ಈಗ ಅವಳಿಗೆ ಅರವತ್ತೊಂಬತ್ತು. ಇರುವುದು ಇನ್ನೂರ ಹತ್ತು ಕಿಲೋಮೀಟರ್ ಆಚೆಯ ಊರಲ್ಲಿ. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಇಬ್ಬರೂ ರೇಡಿಯೊದ ಮುಂದೆ ಕೂರುತ್ತಾರೆ. ಇಪ್ಪತ್ತಾರು ವರ್ಷದಿಂದ ಇದು ನಡೆದುಬಂದಿದೆ.

ಫೋನು ಇರುವಾಗ ಇದೆಲ್ಲ ಯಾಕೆ ಎಂದು ಕೇಳಿದವರಿಗೆ ಸಾಹೇಬರ ಹೆಂಡತಿ ಹೇಳುವುದು ಇಷ್ಟೇ: "ಅವರಿಬ್ಬರ ಫೋನು ಒಂದ್ಸಲ ಕೇಳಿ, ಗೊತ್ತಾಗತ್ತೆ." ಫೋನಿನಲ್ಲಿ ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ. ಇವರ ಮಾತು ಅವಳಿಗೆ ಕೇಳುವುದಿಲ್ಲ, ಅವಳದು ಇವರಿಗೆ ಕೇಳುವುದಿಲ್ಲ. ಕೇಳಿದ ಚೂರುಪಾರನ್ನೇ ಹಿಡಿದುಕೊಂಡು ಜಗಳ ಬೆಳೆಯುತ್ತದೆ. ಅಮ್ಮ ತೀರಿಕೊಂಡ ವರ್ಷ, ಕೊನೆಗಾಲದಲ್ಲಿ ಯಾರು ಎಷ್ಟು ನೋಡಿಕೊಂಡರು ಎಂಬ ಮಾತಿಗೆ ಫೋನಿನಲ್ಲಿ ಹೊತ್ತಿಕೊಂಡ ಬೆಂಕಿ ಹದಿನಾಲ್ಕು ತಿಂಗಳು ಆರಲಿಲ್ಲ. ಕೊನೆಗೆ ಅದನ್ನು ಆರಿಸಿದ್ದು, ಇಪ್ಪತ್ತಾರು ವರ್ಷದ ಹಿಂದೆ ಶುರುವಾದ ಈ ಭಾನುವಾರದ ರೇಡಿಯೊ. ರೇಡಿಯೊದಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ ಮಾತಾಡಲು ಸಾಧ್ಯ. ಮುಗಿದ ಮೇಲೆ 'ಓವರ್' ಅನ್ನಬೇಕು. ಅಂದರೆ ನನ್ನದಾಯಿತು, ಇನ್ನು ನಿನ್ನದು. ಅಲ್ಲಿಯವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕೇಳಬೇಕು, ಆಮೇಲೆ ಉತ್ತರ ಕೊಡಬೇಕು. ಅಕ್ಕ ತಮ್ಮ ಒಬ್ಬರ ಮಾತನ್ನೊಬ್ಬರು ಪೂರ್ತಿ ಕೇಳಿದ್ದು ಏನಾದರೂ ಇದ್ದರೆ ಒತ್ತಿ ಹಿಡಿದೇ ಮಾತಾಡಬೇಕಾದ ಆ ಮೈಕಿನ ಗುಂಡಿಯ ದಯೆಯಿಂದ.

ಈ ವರ್ಷ ಅಕ್ಕನ ಮನೆಯ ಹಿಂದೆ ಒಂದು ಕೋಲ್ಡ್ ಸ್ಟೋರೇಜ್ ಬಂತು. ಅದರ ಮೋಟಾರುಗಳು ಹಗಲೂ ರಾತ್ರಿ ಅವಳ ರೇಡಿಯೊದಲ್ಲಿ ಜೀರುಂಡೆಯಂತೆ ಕೂಗತೊಡಗಿದವು. ಸಾಹೇಬರ ನೂರು ವಾಟ್ ಆ ಕೂಗಿನಲ್ಲಿ ಮುಳುಗಿಹೋಯಿತು. ಅವಳ ದನಿ ಮಾತ್ರ ಇಲ್ಲಿಗೆ ಸ್ಪಷ್ಟ, ಯಾಕೆಂದರೆ ಇಲ್ಲಿ ಗದ್ದಲವಿಲ್ಲ. ಹೀಗಾಗಿ ಭಾನುವಾರ ನಾಲ್ಕಕ್ಕೆ ಅವಳು ಕರೆಯುವುದು, ಇವರು ಗಂಟಲು ಹರಿಯುವಂತೆ ಉತ್ತರ ಕೊಡುವುದು, ಅವಳು "ಏನೂ ಕೇಳ್ತಿಲ್ಲ ತಮ್ಮಾ" ಅನ್ನುವುದು. ಅರಚಿದರೆ ವಾಟ್ ಹೆಚ್ಚಾಗುವುದಿಲ್ಲ ಎಂದು ವಿಜ್ಞಾನ ಓದಿದ ಸಾಹೇಬರಿಗೆ ಗೊತ್ತಿಲ್ಲದ್ದಲ್ಲ. ಆದರೂ ಅರಚುತ್ತಿದ್ದರು.

ಕೊನೆಗೆ ಪೇಟೆಯ ಟೀವಿ ಮೆಕ್ಯಾನಿಕ್‌ನಿಂದ ಒಂದು ಹಳೆಯ ಆಂಪ್ಲಿಫೈಯರ್ ತಂದರು. ಅವನೂ ಹ್ಯಾಮ್. ಸೂಟ್‌ಕೇಸಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ, ಒಳಗೆ ಎರಡು ವಾಲ್ವು, ಹಿಂದೆ ಫ್ಯಾನು. ನೂರು ವಾಟನ್ನು ಐನೂರು ಮಾಡುತ್ತದೆ. ರೇಡಿಯೊಗೂ ಆಂಟೆನಾಕ್ಕೂ ನಡುವೆ ಅದನ್ನು ಕೂರಿಸಿ ಮೊದಲ ಭಾನುವಾರ ಗುಂಡಿ ಒತ್ತಿದರು. ಅಲ್ಲಿಂದ ಶುರುವಾಯಿತು ಗ್ರಹಚಾರ.

ರೇಡಿಯೊದಿಂದ ಹೊರಟ ಶಕ್ತಿಯೆಲ್ಲ ಕೇಬಲ್ ಹಿಡಿದು ಆಂಟೆನಾ ಸೇರಿ ಗಾಳಿಗೆ ಹೋಗಬೇಕು. ದಾರಿಯಲ್ಲಿ ಎಲ್ಲಾದರೂ ಹೊಂದಾಣಿಕೆ ತಪ್ಪಿದರೆ ಒಂದು ಪಾಲು ತಿರುಗಿ ಬರುತ್ತದೆ. ಹೋಗುವ ಅಲೆಗೆ ಬರುವ ಅಲೆ ಎದುರಾಗಿ ಕೇಬಲಿನೊಳಗೆ 'ನಿಂತ ಅಲೆ' ಏಳುತ್ತದೆ. ಅದನ್ನು ತೋರಿಸುವ ಮೀಟರಿನ ಮುಳ್ಳು ಒಂದರಲ್ಲಿದ್ದರೆ ಏನೂ ವಾಪಸು ಬರುತ್ತಿಲ್ಲ ಎಂದರ್ಥ. ಒಂದೂವರೆಯವರೆಗೆ ನಿಶ್ಚಿಂತೆ. ಮೂರಕ್ಕೆ ಹೋದರೆ ಕಳಿಸಿದ್ದರಲ್ಲಿ ಕಾಲು ಪಾಲು ಮನೆಗೆ ವಾಪಸು. ಸಾಹೇಬರ ಮುಳ್ಳು ನೂರು ವಾಟಿನಲ್ಲಿ ಒಂದು ಪಾಯಿಂಟ್ ಎರಡರಲ್ಲಿ ಸಾಧುವಾಗಿ ನಿಲ್ಲುತ್ತಿತ್ತು. ಆಂಪ್ಲಿಫೈಯರ್ ಹಾಕಿದರೆ ಏಳೆಂಟು ಸೆಕೆಂಡು ಅಲ್ಲೇ ಇದ್ದು, ಆಮೇಲೆ ಏನೋ ನೆನಪಾದಂತೆ ಮೂರು ಪಾಯಿಂಟ್ ನಾಲ್ಕಕ್ಕೆ ಹಾರುತ್ತಿತ್ತು. ಕೆಂಪು ದೀಪ ಹತ್ತುತ್ತಿತ್ತು. ಟಕ್ ಎಂದು ಆಂಪ್ಲಿಫೈಯರ್ ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು.

ಸಾಹೇಬರ ಕೆಲಸದ ರೀತಿ ಒಂದೇ: ದೂರದ ತುದಿಯಿಂದ ಶುರುಮಾಡಿ ಹತ್ತಿರ ಬರುವುದು. ಮೊದಲ ವಾರ ಆಂಟೆನಾ ಇಳಿಸಿ, ತಂತಿ ಬದಲಿಸಿ, ಅಳೆದು ಕತ್ತರಿಸಿ ಏರಿಸಿದರು. ಮೂರು ಪಾಯಿಂಟ್ ನಾಲ್ಕು. ಎರಡನೇ ವಾರ ತಾರಸಿಯಿಂದ ಕಿಟಕಿಯವರೆಗಿನ ಇಪ್ಪತ್ತೆರಡು ಮೀಟರ್ ಕೇಬಲನ್ನೇ ಹೊಸದು ಮಾಡಿದರು. ಮೂರು ಪಾಯಿಂಟ್ ನಾಲ್ಕು. ಕೇಬಲ್ ಬಂದು ಸೇರುವ ಕಿಟಕಿಯ ಫಲಕದಲ್ಲಿ ಪರೀಕ್ಷೆಯ ಯಂತ್ರ ಇಟ್ಟು ನೋಡಿದರೆ ಒಂದು ಪಾಯಿಂಟ್ ಎರಡು, ಸಾಕ್ಷಾತ್ ಸತ್ಯವಂತ.

ಮೂರನೇ ವಾರ ಆಂಪ್ಲಿಫೈಯರನ್ನು ಆಟೋದಲ್ಲಿ ಹೇರಿಕೊಂಡು ಮೆಕ್ಯಾನಿಕ್‌ನ ಅಂಗಡಿಗೆ ಒಯ್ದರು. ಅವನು ಆಂಟೆನಾದ ಬದಲಿಗೆ ಶಕ್ತಿಯನ್ನೆಲ್ಲ ನುಂಗಿ ಬಿಸಿಯಾಗುವ ಒಂದು ಎಣ್ಣೆಡಬ್ಬಿ ಜೋಡಿಸಿ, ಐದು ನಿಮಿಷ ಗುಂಡಿ ಒತ್ತಿ ಹಿಡಿದ. ಮುಳ್ಳು ಅಲುಗಲಿಲ್ಲ.

"ನೋಡಿ ಸಾಹೇಬ್ರೆ, ನನ್ನ ಪೆಟ್ಟಿಗೆ ಮೇಲೆ ಅನುಮಾನ ಪಟ್ಟಿರಿ."

"ನಿನ್ನ ಪೆಟ್ಟಿಗೆ ಸರಿ ಇದೆ. ನನ್ನ ಆಂಟೆನಾನೂ ಸರಿ ಇದೆ."

"ಹಾಗಾದ್ರೆ ಗಂಡೂ ಒಳ್ಳೇವನು, ಹೆಣ್ಣೂ ಒಳ್ಳೇವಳು, ಸಂಸಾರ ಮಾತ್ರ ಆಗ್ತಿಲ್ಲ."

"ತಮಾಷೆ ಬೇಡ."

"ಮಧ್ಯೆ ಯಾರೋ ಚಾಡಿ ಹೇಳೋರು ಇರಬೇಕು, ನೋಡಿ."

"ಮಧ್ಯೆ ಏನಿದೆ? ಕಿಟಕಿ ಇದೆ," ಎಂದು ಸಾಹೇಬರು ಎದ್ದರು. ಮೆಕ್ಯಾನಿಕ್ ಹೇಳಿದ್ದು ಅಕ್ಷರಶಃ ನಿಜವೆಂದು ಅವರಿಗೆ ತಿಳಿದದ್ದು ಎಂಟು ದಿನ ಕಳೆದ ಮೇಲೆ.

ಆ ಭಾನುವಾರ ನಾಲ್ಕಕ್ಕೆ ಅಕ್ಕ ಎಂದಿನಂತೆ ಮೂರು ಸಲ ಕರೆದಳು. ಇವರ ಉತ್ತರ ತಲುಪಲಿಲ್ಲ. ಆಮೇಲೆ ಗಾಳಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು. "ತಮ್ಮಾ, ನೀನು ಕೇಳಿಸ್ಕೊಳ್ತಿದ್ರೆ ಕೇಳು. ತಾರಸಿ ಸೋರ್ತಿದೆ. ಮುಂದಿನ ಸೋಮವಾರ ಗಾರೆಯವರು ಬರ್ತಾರೆ. ಕಂಬ ಕೀಳ್ಬೇಕಂತೆ. ಬರೋ ಭಾನುವಾರ ಒಂದ್ಸಲ ನೋಡ್ತೀನಿ. ಅವತ್ತೂ ನಿನ್ನ ದನಿ ಬರ್ಲಿಲ್ಲ ಅಂದ್ರೆ ಮತ್ತೆ ಕಂಬ ನಿಲ್ಲಿಸಲ್ಲ. ಈ ವಯಸ್ಸಲ್ಲಿ ಜೀರುಂಡೆ ಕೇಳೋಕೆ ಅಷ್ಟು ದೊಡ್ಡ ಕಂಬ ಯಾಕೆ. ಓವರ್."

ಓವರ್ ಅಂದಮೇಲೆ ಸ್ವಲ್ಪ ಹೊತ್ತು ಕಾದಳು. ಸಾಹೇಬರು ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು.

ಶನಿವಾರ ತಡೆಯಲಾರದೆ ಫೋನು ಮಾಡಿದರು.

"ಅಕ್ಕಾ, ಕಂಬದ ವಿಷಯ—"

"ನೀನು ಭಾನುವಾರ ಬರ್ಲೇ ಇಲ್ಲ—"

"ಬಂದಿದ್ದೆ, ನಿನಗೆ ಕೇಳ್ಲಿಲ್ಲ, ನಾನು ಹೇಳ್ತಿರೋದು—"

"ನನ್ನ ಕಿವಿಗೆ ಏನೂ ಆಗಿಲ್ಲ—"

"ಕಿವಿ ಅಂದ್ನಾ ನಾನು? ಕಂಬ ಅಂದೆ—"

"ಅಮ್ಮನ ಕಾಲಕ್ಕೂ ಹೀಗೇ ಅಂದಿದ್ದೆ—"

ಹೆಂಡತಿ ಬಂದು ಫೋನನ್ನು ಇವರ ಕೈಯಿಂದ ತೆಗೆದುಕೊಂಡು, "ಅತ್ತಿಗೆ, ಆರೋಗ್ಯಾನಾ?" ಎಂದು ಮಾತು ತಿರುಗಿಸಿ ಕಟ್ ಮಾಡಿದರು. "ನೀವಿಬ್ರೂ ಇನ್ನು ಫೋನ್ ಮಾಡ್ಕೋಬೇಡಿ," ಅಂದರು. "ಆ ಕಂಬ ಹೋದ್ರೆ ಮುಗೀತು. ಇನ್ನೊಂದು ಹದಿನಾಲ್ಕು ತಿಂಗಳು ನನ್ನಿಂದಾಗಲ್ಲ."

ಹೀಗಾಗಿ ಈ ಭಾನುವಾರ ಬೆಳಗ್ಗೆ ಸಾಹೇಬರು ಮತ್ತೆ ತಾರಸಿ ಏರಿದ್ದರು. ತಂತಿಯ ಉದ್ದ ಬದಲಾಗಿರಲಿಲ್ಲ. ಆಂಟೆನಾ ಏರಿಸಿ ಕೆಳಗಿಳಿದು, ಊಟ ಮಾಡಿ, ಒಂದೂವರೆಗೆ ಮೂಲೆಯ ಕೋಣೆಯಲ್ಲಿ ಮೇಜಿನ ಮುಂದೆ ಕುಳಿತರು. ಮೇಜಿನ ಮೇಲೆ ಎಡಗಡೆ ರೇಡಿಯೊ, ಬಲಗಡೆ ಆಂಪ್ಲಿಫೈಯರ್. ಅದರ ಬೆನ್ನಿನಿಂದ ಒಂದೂವರೆ ಅಡಿಯ ಕಪ್ಪು ಕೇಬಲ್ ತುಂಡೊಂದು ಕಿಟಕಿಯ ಫಲಕಕ್ಕೆ ಹೋಗುತ್ತಿತ್ತು. ಸಾಹೇಬರು ಆ ತುಂಡನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ ಪರೀಕ್ಷೆಯ ಯಂತ್ರ ಸಿಕ್ಕಿಸಿದರು. ಒಂದು ಪಾಯಿಂಟ್ ಎರಡು. ಯಂತ್ರ ತೆಗೆದು, ತುಂಡನ್ನು ಮತ್ತೆ ಜೋಡಿಸಿ, ಆಂಪ್ಲಿಫೈಯರ್ ಹಾಕಿದರು. ಒಂದು, ಎರಡು, ಮೂರು... ಎಂಟನೇ ಸೆಕೆಂಡಿಗೆ ಮೂರು ಪಾಯಿಂಟ್ ನಾಲ್ಕು. ಟಕ್.

ಮತ್ತೆ ತುಂಡು ಬಿಚ್ಚಿದರು. ಅಳೆದರು. ಸರಿ. ಜೋಡಿಸಿದರು. ಟಕ್.

ಏಳನೇ ಟಕ್ಕಿಗೆ ಹೆಂಡತಿ ಬಾಗಿಲಲ್ಲಿ ಬಂದು ನಿಂತರು. ಅವರು ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ವಾರ್ಡಿನ ನರ್ಸ್ ಆಗಿದ್ದವರು. ರೋಗಿಗಿಂತ ಮೊದಲು ರೋಗಿಯ ಮನೆಯವರನ್ನು ಸಮಾಧಾನ ಮಾಡಬೇಕೆಂದು ಬಲ್ಲವರು.

"ನಾನೇನಾದ್ರೂ ಮಾಡ್ಲಾ?"

"ಮುಳ್ಳು ನೋಡಿ ಅಂಕಿ ಹೇಳು. ನಾನು ಗಡಿಯಾರ ನೋಡ್ತೀನಿ."

"ಅಂಕಿ ಗೊತ್ತಿರೋದೇ ಅಲ್ವಾ?"

"ಗೊತ್ತಿರೋದನ್ನೇ ಇನ್ನೊಂದ್ಸಲ ಹೇಳು."

ಹೇಳಿದರು. ಮೂರು ಪಾಯಿಂಟ್ ನಾಲ್ಕು. ಸಾಹೇಬರು ಎಲ್ಲವನ್ನೂ ಆರಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡು ಅಂಗೈಯಿಂದ ಮುಖ ಒರೆಸಿಕೊಂಡರು. ಗಂಟೆ ಎರಡೂ ಐವತ್ತು. "ಮೂವತ್ತಮೂರು ವರ್ಷದಲ್ಲಿ ಇಂಥ ಕಳ್ಳನ್ನ ನೋಡಿಲ್ಲ," ಅಂದರು. "ನಾನು ಹೋದಾಗ ಸಾಚಾ, ಬೆನ್ನು ತಿರುಗಿಸಿದ್ರೆ ಮೋಸ."

ಹೆಂಡತಿ ಮೇಜಿನ ಪಕ್ಕ ಸುತ್ತಿ ಹೋದರು. ಅಭ್ಯಾಸಬಲ, ರೌಂಡ್ಸಿಗೆ ಬಂದವರಂತೆ ಒಂದೊಂದರ ಮೇಲೂ ಅಂಗೈಯ ಹಿಂಬದಿ ಇಟ್ಟು ನೋಡಿದರು. ರೇಡಿಯೊ ಬೆಚ್ಚಗೆ. ಆಂಪ್ಲಿಫೈಯರಿನ ಬೆನ್ನು ಬಿಸಿ. "ಇದು ಇರಬೇಕಾದ್ದೇನಾ?" "ಹೂಂ, ವಾಲ್ವು." ಕಿಟಕಿಯ ಫಲಕ ತಣ್ಣಗೆ. ಕೇಬಲ್ ತುಂಡಿನ ನಡುಭಾಗ ತಣ್ಣಗೆ. ಫಲಕದ ಕಡೆಯ ತುದಿಗೆ ಕೈ ಇಟ್ಟವರು ತಟ್ಟನೆ ತೆಗೆದರು.

"ರೀ, ಇದಕ್ಕೆ ಜ್ವರ."

"ಯಾವುದಕ್ಕೆ?"

"ಈ ಪುಟ್ಟ ವೈರಿಗೆ. ನಡುವೆ ತಣ್ಣಗಿದೆ, ಈ ತುದೀಲಿ ಕೈ ಇಡೋಕಾಗಲ್ಲ."

ಸಾಹೇಬರು ಕನ್ನಡಕ ಹಾಕಿಕೊಂಡರು. ಎದ್ದು ಬಂದು ಮುಟ್ಟಿ ನೋಡಿದರು. ಇನ್ನೊಂದು ತುದಿಯನ್ನು ಮುಟ್ಟಿದರು. ಮತ್ತೆ ಇದನ್ನು ಮುಟ್ಟಿದರು. ಆಮೇಲೆ ಕುರ್ಚಿಗೆ ವಾಪಸು ಹೋಗಿ ಕುಳಿತರು.

ವಿಷಯ ಸರಳ. ಕೇಬಲಿನ ತುದಿಯ ಕನೆಕ್ಟರಿನೊಳಗೆ ಬೆಸುಗೆ ಸಡಿಲವಾಗಿದ್ದರೆ ನೂರು ವಾಟಿಗೆ ಹೇಗೋ ಸುಧಾರಿಸಿಕೊಳ್ಳುತ್ತದೆ. ಐನೂರು ಹಾಯಿಸಿದರೆ ಆ ಸಡಿಲ ಜಾಗ ಏಳೆಂಟು ಸೆಕೆಂಡಿನಲ್ಲಿ ಕಾದು, ಹಿಗ್ಗಿ, ಸಂಪರ್ಕ ಬಿಡುತ್ತದೆ. ಅಲೆ ಅಲ್ಲಿಂದಲೇ ತಿರುಗಿ ಬರುತ್ತದೆ. ಸಾಹೇಬರು ಮೂರು ವಾರ ಅಳೆದದ್ದೆಲ್ಲ ಕಿಟಕಿಯಿಂದಾಚೆ. ಮೆಕ್ಯಾನಿಕ್ ಅಳೆದದ್ದು ಪೆಟ್ಟಿಗೆಯಿಂದೀಚೆ. ಅಳೆಯುವುದಕ್ಕೆಂದು ಪ್ರತಿ ಸಲ ಬಿಚ್ಚಿ ಪಕ್ಕಕ್ಕಿಡುತ್ತಿದ್ದದ್ದು ಅಪರಾಧಿಯನ್ನೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಆದರೆ ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದು ಇದಲ್ಲ. ಆ ತುಂಡಿನ ಮೇಲೆ ಪಾರದರ್ಶಕ ಟೇಪಿನ ಕೆಳಗೆ ಹಳದಿಯಾದ ಒಂದು ಚೀಟಿ ಇತ್ತು. ಅದರಲ್ಲಿ ಅವರದೇ ದುಂಡು ಅಕ್ಷರ: 'ಪರೀಕ್ಷಿಸಿದೆ, ಸರಿ ಇದೆ.' ಕೆಳಗೆ ತಾರೀಖು, ರುಜು. ಅವರೇ ಬೆಸೆದು, ಅವರೇ ಪರೀಕ್ಷಿಸಿ, ಅವರೇ ಮುದ್ರೆ ಹಾಕಿದ ತುಂಡು. ಮೂರು ವಾರ ಅದನ್ನು ನೂರಾರು ಸಲ ಕೈಯಲ್ಲಿ ಹಿಡಿದಿದ್ದರು. ಮುದ್ರೆ ಇದ್ದದ್ದನ್ನು ಅನುಮಾನಿಸುವುದು ಅವರ ಕೈಗೆ ಅಭ್ಯಾಸವಿರಲಿಲ್ಲ. ಮುದ್ರೆಯ ತಾರೀಖು ಓದುವ ಅಭ್ಯಾಸ ಮಾತ್ರ ಇತ್ತು. ಅದು ಬೇರೆಯವರ ಅಂಗಡಿಯಲ್ಲಿ.

ಹೆಂಡತಿ ಬಗ್ಗಿ ಚೀಟಿ ಓದಿದರು. ಗಂಡನ ಮುಖ ನೋಡಿ, "ಮೂರು ಗಂಟೆ ಆಯ್ತು," ಎಂದಷ್ಟೇ ಅಂದರು. "ಹೊಸದು ಮಾಡ್ತೀರೋ, ಇದಕ್ಕೇ ಔಷಧಿ ಕೊಡ್ತೀರೋ?"

ಸಾಹೇಬರು ಕನೆಕ್ಟರನ್ನು ಹಿಡಿದು ಮೆಲ್ಲಗೆ ಎಳೆದರು. ಎಣಿಸಿದ್ದಕ್ಕಿಂತ ಸುಲಭವಾಗಿ ಕಿತ್ತು ಬಂತು. ಒಳಗೆ ಬೆಸುಗೆ ಹೊಳೆಯುವ ಬದಲು ಬೂದುಬಣ್ಣದ ಮರಳಿನಂತೆ ಕಾಳುಕಾಳಾಗಿತ್ತು. ಕೇಬಲಿನ ತಾಮ್ರದ ಜಾಲರಿ ಕಪ್ಪಗಾಗಿತ್ತು. ಅದು ಎಂದೂ ಸರಿಯಾಗಿ ಅಂಟಿರಲೇ ಇಲ್ಲ, ಸುಮ್ಮನೆ ಒರಗಿಕೊಂಡಿತ್ತು.

"ಹೊಸದು," ಅಂದರು.

ಸೋಲ್ಡರಿಂಗ್ ಕಡ್ಡಿ ಕಾಯಲು ಆರು ನಿಮಿಷ. ಹೊಸ ಕೇಬಲ್ ಕತ್ತರಿಸಿ, ಹೊರಸಿಪ್ಪೆ ಸುಲಿದು, ಜಾಲರಿ ಬಿಡಿಸಿ, ಸಾಹೇಬರು ಅವಸರದಲ್ಲಿ ಬೆಸೆಯಲು ಹೋದರು. ಮೊದಲ ಕನೆಕ್ಟರ್ ಕೆಟ್ಟಿತು.

"ಕೊಡಿ ಇಲ್ಲಿ," ಎಂದು ಹೆಂಡತಿ ಚಿಮಟ ತೆಗೆದುಕೊಂಡರು. "ಹೊಲಿಗೆ ಹಾಕೋವಾಗ ಡಾಕ್ಟ್ರಿಗೆ ಹಿಡ್ಕೊಟ್ಟ ಕೈ ಇದು. ನಾನು ಹಿಡೀತೀನಿ, ನೀವು ಬೆಸೀರಿ. ಅವಸರ ಬೇಡ."

"ಗಂಟೆ ಎಷ್ಟು?"

"ಕೇಳ್ಬೇಡಿ."

ಈ ಸಲ ಸಾಹೇಬರು ಬೆಸುಗೆಯ ತವರವನ್ನು ಅಲ್ಲ, ಲೋಹವನ್ನು ಕಾಯಿಸಿದರು. ತವರ ತಾನಾಗಿ ಕರಗಿ, ಜಾಲರಿಯ ಸುತ್ತ ಹರಿದು, ಕನ್ನಡಿಯಂತೆ ಹೊಳೆದು ನಿಂತಿತು. ಎರಡೂ ತುದಿ ಮುಗಿದಾಗ ಮೂರೂ ನಲವತ್ತೊಂಬತ್ತು. ಯಂತ್ರಕ್ಕೆ ಸಿಕ್ಕಿಸಿ ಮೊದಲು ಆ ತುಂಡನ್ನೇ ಅಳೆದರು. ಆಮೇಲೆ ಜೋಡಿಸಿ, ಆಂಪ್ಲಿಫೈಯರ್ ಹಾಕಿ, ಗುಂಡಿ ಒತ್ತಿ ಹಿಡಿದರು. ಎಂಟು ಸೆಕೆಂಡು ಕಳೆಯಿತು. ಹದಿನೈದು. ಮೂವತ್ತು.

"ಒಂದು ಪಾಯಿಂಟ್ ಎರಡು," ಎಂದು ಹೆಂಡತಿ ಕೇಳದೆಯೇ ಹೇಳಿದರು. "ಒಂದು ಪಾಯಿಂಟ್ ಎರಡು. ಒಂದು ಪಾಯಿಂಟ್ ಎರಡು. ಸಾಕಾ?"

ನಾಲ್ಕಕ್ಕೆ ಸರಿಯಾಗಿ ಅಕ್ಕ ಕರೆದಳು. ಒಂದೇ ಸಲ ಕರೆದಳು, ಉತ್ತರ ಬಾರದೆಂದು ನಿರ್ಧರಿಸಿದವರ ದನಿಯಲ್ಲಿ. ಸಾಹೇಬರು ಗುಂಡಿ ಒತ್ತಿ, ಅರಚದೆ, ಮಾಮೂಲಿ ದನಿಯಲ್ಲಿ ತಮ್ಮ ಕರೆಸಂಕೇತ ಹೇಳಿ, "ಅಕ್ಕಾ, ಕೇಳಿಸ್ತಿದ್ಯಾ? ಓವರ್," ಅಂದರು.

ಗುಂಡಿ ಬಿಟ್ಟರು.

"ಕೇಳಿಸ್ತಿದೆ," ಅಂದಳು ಅಕ್ಕ. "ಆ ಕೋಲ್ಡ್ ಸ್ಟೋರೇಜಿನ ತಲೆ ಮೇಲೆ ಕೂತು ಮಾತಾಡಿದ ಹಾಗಿದೆ. ಒಂದು ತಿಂಗಳಾಯ್ತು ನಿನ್ನ ದನಿ ಕೇಳಿ. ಫೋನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಏನಾಗಿತ್ತು? ಓವರ್."

"ಒಂದು ಕನೆಕ್ಟರ್ ಸಡಿಲ ಇತ್ತು. ಓವರ್."

"ಯಾವುದು? ಓವರ್."

"ಮೇಜಿನ ಹಿಂದಿನ ಸಣ್ಣ ತುಂಡಿಂದು. ಓವರ್."

"ಬೆಸೆದಿದ್ದು ಯಾರು? ಓವರ್."

ಹೆಂಡತಿ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಾನು. ಓವರ್."

"ಹಾಗಾದ್ರೆ ಚೀಟಿ ಇದ್ದೇ ಇರತ್ತೆ," ಎಂದಳು ಅಕ್ಕ. ಈಗ ಅವಳ ದನಿಯಲ್ಲಿ ಹಳೆಯ ಹುರುಪು ಬಂದಿತ್ತು. "ಸರಿ ಕೇಳು. ನಾಳೆ ಕಂಬ ಇಳಿಸ್ತಾರೆ. ಗಾರೆ ಒಣಗೋಕೆ ಐದು ದಿನ. ಶನಿವಾರ ವಾಪಸು ನಿಲ್ಲಿಸಿ ಅಂತ ಗಾರೆಯವನಿಗೆ ಇವತ್ತೇ ಹೇಳ್ತೀನಿ. ಆದ್ರೆ ಒಂದು ಷರತ್ತು. ಆ ಚೀಟಿ ತಾರೀಖು ನೋಡಿ, ಮುದ್ರೆ ಅವಧಿ ಮೀರಿ ಎಷ್ಟು ದಿನ ಆಯ್ತು ಅಂತ ನನಗೆ ಸರಿಯಾಗಿ ಲೆಕ್ಕ ಹೇಳ್ಬೇಕು. ನಿನ್ನ ಹೆಂಡ್ತಿ ಸೋದರಮಾವ ಪಾಪ ಹನ್ನೊಂದೇ ದಿನಕ್ಕೆ ತಕ್ಕಡಿ ಕಳ್ಕೊಂಡ. ಓವರ್."

ಇದೇ ಫೋನಾಗಿದ್ದರೆ ಸಾಹೇಬರು ನಡುವೆಯೇ ಬಾಯಿ ಹಾಕುತ್ತಿದ್ದರು; ಮಾತು ಎಲ್ಲಿಂದೆಲ್ಲಿಗೋ ಹೋಗಿ ಲೆಕ್ಕ ಅಲ್ಲೇ ಮುಚ್ಚಿಹೋಗುತ್ತಿತ್ತು. ಇಲ್ಲಿ ಅಕ್ಕ ಓವರ್ ಅಂದಾಗಿತ್ತು. ಹೆಂಡತಿ ಆ ಹಳೆಯ ತುಂಡನ್ನು ತಂದು, ಚೀಟಿ ಮೇಲೆ ಬರುವಂತೆ ಅವರ ಮುಂದೆ ಇಟ್ಟರು. ಸಾಹೇಬರು ಕ್ಯಾಲೆಂಡರ್ ನೋಡಿದರು. ಪೆನ್ಸಿಲಿನಲ್ಲಿ ಒಂದು ಕಳೆಯುವ ಲೆಕ್ಕ ಬರೆದರು. ಬಂದ ಉತ್ತರವನ್ನು ಇನ್ನೊಮ್ಮೆ ಪರಿಶೀಲಿಸಿ, ಗುಂಡಿ ಒತ್ತಿದರು.

"ನಿಯಮದ ಪ್ರಕಾರ ಸಲ್ಲೋ ಎರಡು ವರ್ಷ ಕಳೆದಿದ್ದೀನಿ," ಅಂದರು. "ಹದಿನೇಳು ವರ್ಷ, ನಾಲ್ಕು ತಿಂಗಳು, ಆರು ದಿನ."